ಒಂದು ಲೀಟರ್ ಎಣ್ಣೆ ಎಷ್ಟು ಗ್ರಾಂ?

ತಲೆಗೆ ಎಣ್ಣೆ ಹಚ್ಚಿಕೊಡು ಎಂದು ಕೇಳಿದರೆ ಅಜ್ಜಿ ಮೊದಲು ತಕ್ಕಡಿ ಹುಡುಕುತ್ತಾಳೆ ಎಂದು ತೇಜು, ಸಿಂಚನ, ನೀವಿಬ್ಬರೂ ನಗುತ್ತೀರಿ. ನಗಿ, ನನಗೇನೂ ಬೇಜಾರಿಲ್ಲ. ಮೊನ್ನೆ ಭಾನುವಾರ ಸಿಂಚನ ತನ್ನ ಗೆಳತಿಗೆ ಫೋನಿನಲ್ಲಿ, "ನಮ್ಮಜ್ಜಿ ಕೊಬ್ರಿ ಎಣ್ಣೆಗೆ ಹರಳೆಣ್ಣೆ ಬೆರೆಸೋದು ಚಮಚದಲ್ಲಲ್ಲ ಕಣೇ, ಗ್ರಾಮಲ್ಲಿ" ಎಂದು ಹೇಳುತ್ತಿದ್ದುದು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದ ನನ್ನ ಕಿವಿಗೆ ಬಿತ್ತು. ಆ ಮಾತಿನಲ್ಲಿ ಅರ್ಧ ತಮಾಷೆ ಇತ್ತು, ಇನ್ನರ್ಧ ಜಂಬ ಇತ್ತು. ಆ ಅರ್ಧ ಜಂಬಕ್ಕೆ ಸೋತು ಇದನ್ನು ಬರೆಯಲು ಕೂತಿದ್ದೇನೆ. ಎದುರಿಗೆ ಕೂರಿಸಿಕೊಂಡು ಹೇಳು ಎಂದರೆ ನನ್ನಿಂದ ಆಗದು. ಹಳ್ಳಿ ಸ್ಕೂಲಿನಲ್ಲಿ ಏಳನೇ ಕ್ಲಾಸಿನವರೆಗೆ ಓದಿದೆ. ಅಷ್ಟೂ ವರ್ಷ ಮೇಷ್ಟರು ಕೇಳಿದ ಲೆಕ್ಕಕ್ಕೆ ಉತ್ತರ ಗೊತ್ತಿದ್ದರೂ ಸ್ಲೇಟಿನ ಮೇಲೆ ಬರೆದುಕೊಂಡು ಸೆರಗಲ್ಲಿ, ಅಲ್ಲ, ಆಗ ಲಂಗ, ಲಂಗದ ತುದಿಯಲ್ಲಿ ಮುಚ್ಚಿಟ್ಟುಕೊಳ್ಳುತ್ತಿದ್ದವಳು ನಾನು.

ನಮ್ಮ ಬಾಗೂರಿನ ಹೆಂಗಸರ ಸಂಘ ಸೋಪು ಮಾಡುವುದು ನಿಮಗೆ ಗೊತ್ತು. ಅದರ ಮೊದಲ ವರ್ಷದ ಕತೆ ಗೊತ್ತಿಲ್ಲ. ಹಾಸನದಿಂದ ರೂಪಾ ಮೇಡಂ ಎನ್ನುವ ಹುಡುಗಿ ಕಲಿಸಲು ಬರುತ್ತಿದ್ದಳು. ಹುಡುಗಿ ಎನ್ನುತ್ತೇನೆ, ಅವಳಿಗೆ ಮೂವತ್ತಾದರೂ ಆಗಿದ್ದೀತು. ಸಂಘಕ್ಕೆ ಅಧ್ಯಕ್ಷೆ ನಮ್ಮ ಹಿಂದಿನ ಬೀದಿಯ ಗೌರಮ್ಮ. ಗೌರಮ್ಮ ತನ್ನ ಮನೆ ಜಗಲಿಯಲ್ಲಿ ಮಾತಾಡಿದರೆ ಬಸ್ ಸ್ಟ್ಯಾಂಡಿನಲ್ಲಿ ನಿಂತವರು ತಿರುಗಿ ನೋಡುತ್ತಾರೆ. ನನಗಿಂತ ಹದಿನೈದು ವರ್ಷಕ್ಕೆ ಚಿಕ್ಕವಳು, ಆದರೂ ಅವಳ ಮುಂದೆ ನಾನೇ ಸೊಸೆಯ ಹಾಗೆ ನಿಲ್ಲುತ್ತಿದ್ದೆ.

ಮೇಡಂ ಮೊದಲ ದಿನವೇ ಹೇಳಿದ್ದಳು: "ನೋಡಿ ಅಮ್ಮ, ಸೋಡಕ್ಕೆ ಎಣ್ಣೆನೇ ಊಟ. ಇಷ್ಟು ಸೋಡಕ್ಕೆ ಇಷ್ಟು ಎಣ್ಣೆ ಅಂತ ಲೆಕ್ಕ ಇದೆ. ಊಟ ಕಮ್ಮಿ ಬಿದ್ರೆ ಅದು ನಮ್ಮ ಚರ್ಮಾನೇ ತಿನ್ನುತ್ತೆ." ಆಮೇಲೆ ಒಂದು ಹಾಳೆಯಲ್ಲಿ ಬರೆದುಕೊಟ್ಟಳು. ಕೊಬ್ಬರಿ ಎಣ್ಣೆ ಮೂರು ಕೆಜಿ, ಹರಳೆಣ್ಣೆ ಒಂದು ಕೆಜಿ, ಕಾಸ್ಟಿಕ್ ಸೋಡ ಆರುನೂರ ನಲವತ್ತು ಗ್ರಾಂ. ಮೊದಲ ಸಲ ಅವಳೇ ನಿಂತು ಎಲ್ಲವನ್ನೂ ತೂಗಿ ಮಾಡಿಸಿದಳು. ತಿಂಗಳು ಒಣಗಿಸಿ ಮೈಗೆ ಹಚ್ಚಿದರೆ ಬೆಣ್ಣೆ.

ಎರಡನೇ ಸಲ ನಾವೇ ಮಾಡಬೇಕಾಯಿತು. ಸೋಡ ತೂಗಲು ಯಾರು ಎಂಬ ಮಾತು ಬಂದಾಗ ಒಬ್ಬೊಬ್ಬರೂ ಹಿಂದಕ್ಕೆ ಸರಿದರು. ಕೈ ಸುಡುವ ವಸ್ತು, ಯಾರಿಗೆ ಬೇಕು. ಹಿಂದೆ ಸರಿಯಲು ನನ್ನ ಬೆನ್ನಿಗೆ ಗೋಡೆ ಇತ್ತು, ಆದ್ದರಿಂದ ಆ ಕೆಲಸ ನನಗೆ ಬಂತು. ಸುಳ್ಳೇಕೆ, ನನಗೆ ಬಹಳ ಖುಷಿಯಾಯಿತು. ಕೈಗೆ ರಬ್ಬರ್ ಗವಸು, ಮುಖಕ್ಕೆ ಬಟ್ಟೆ, ಮುಂದೆ ಎಲೆಕ್ಟ್ರಿಕ್ ತಕ್ಕಡಿ. ಒಂದು ಚಿಟಿಕೆ ಹಾಕಿದರೆ ಕೆಂಪು ಅಂಕಿ ಬದಲಾಗುತ್ತಿತ್ತು. ಆರುನೂರ ಮೂವತ್ತೆಂಟು, ಮೂವತ್ತೊಂಬತ್ತು, ನಲವತ್ತು. ಅಲ್ಲಿಗೆ ಕೈ ನಿಲ್ಲಿಸುವಾಗ ನಿಮ್ಮ ತಾತ ಎಲ್ಲೋ ನಿಂತು ನೋಡುತ್ತಿದ್ದಾರೆ ಅನ್ನಿಸುತ್ತಿತ್ತು.

ತಾತನ ಮಾತು ಬಂತಲ್ಲ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಅವರು ಗೊರೂರಿನಲ್ಲಿ ನಾಲೆಯ ನೀರಿನ ಮಟ್ಟ ನೋಡಿ ಬರೆಯುವ ಕೆಲಸದಲ್ಲಿದ್ದರು. ನಾವು ಕ್ವಾರ್ಟರ್ಸಿನಲ್ಲಿದ್ದೆವು. ನಾಲೆಯ ಗೋಡೆಗೆ ಅಡಿ, ಇಂಚು ಬರೆದ ಪಟ್ಟಿ ಇರುತ್ತಿತ್ತು. ಬೇರೆಯವರು ಸೈಕಲ್ ಮೇಲಿಂದಲೇ ಬಗ್ಗಿ ನೋಡಿ ಹೋಗುವರು. ಇವರು ಮೆಟ್ಟಿಲಿಳಿದು, ಪಂಚೆ ಎತ್ತಿಕಟ್ಟಿ, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ನೋಡುವರು. "ಮೇಲಿಂದ ನೋಡಿದ್ರೆ ನೀರು ಒಂದು ಹೇಳ್ತದೆ, ಮಟ್ಟದಲ್ಲಿ ನೋಡಿದ್ರೆ ಇನ್ನೊಂದು ಹೇಳ್ತದೆ ಕಣೆ ಪುಟ್ಟಿ" ಎನ್ನುತ್ತಿದ್ದರು. ಮದುವೆಯಾದ ಹೊಸದರಲ್ಲಿ ಇದೇನು ಹುಚ್ಚು ಎಂದುಕೊಂಡಿದ್ದೆ. ಆಮೇಲೆ ನಾನೂ ಕಾಫಿ ಲೋಟಗಳಿಗೆ ಹಾಲು ಬಗ್ಗಿಸುವಾಗ ಕೂತು ಕಣ್ಣು ಮಟ್ಟ ಮಾಡಿ ನೋಡಲು ಶುರುಮಾಡಿದೆ. ನಮ್ಮತ್ತೆ, "ಗಂಡ ಎಂಡ್ತಿ ಇಬ್ರೂ ಅಳ್ದ್ಕಂಡೇ ಸಂಸಾರ ಮಾಡ್ತೀರಲ್ಲಾ" ಎಂದು ನಗುತ್ತಿದ್ದರು.

ಈಗ ಸೋಪಿಗೆ ಬರೋಣ. ಸೋಡವನ್ನು ನಾನು ತೂಗಿದೆ. ಎಣ್ಣೆಯನ್ನು ಮಾತ್ರ ತೂಗಲಿಲ್ಲ. ಮೇಡಂ ಹೋದ ಮೇಲೆ ಗೌರಮ್ಮ ತಕ್ಕಡಿಯ ಮೇಲೆ ಒಂದು ಹೊಸ ಟವೆಲ್ ಹೊದಿಸಿ, "ಇದಕ್ಕೆ ಎಣ್ಣೆಗಿಣ್ಣೆ ಮೆತ್ತಿದ್ರೆ ಸುಮ್ನಿರಕಿಲ್ಲ ನಾನು. ಸೋಡ ತೂಗಕ್ಕೆ ಮಾತ್ರ. ಎಣ್ಣೇನ ಅಳ್ದಾಕಿ" ಎಂದು ಕಾನೂನು ಮಾಡಿದ್ದಳು. ಚನ್ನರಾಯಪಟ್ಟಣದ ಮಿಲ್ಲಿನಿಂದ ಕ್ಯಾನಿನಲ್ಲಿ ತಂದ ಎಣ್ಣೆಯನ್ನು ಲೀಟರ್ ಮಾಪಿನಲ್ಲಿ ಅಳೆದು ಸುರಿದೆವು. ಮೂರು ಕೆಜಿಗೆ ಮೂರು ಲೀಟರ್, ಒಂದು ಕೆಜಿಗೆ ಒಂದು ಲೀಟರ್. ಯಾರೊಬ್ಬರೂ ಯೋಚಿಸಲಿಲ್ಲ. ನಮ್ಮದು ಎರಡು ಹೊತ್ತೂ ಡೈರಿಗೆ ಹಾಲು ಹಾಕುವ ಊರು. ಹತ್ತು ಲೀಟರ್ ಹಾಕಿದೆ ಎನ್ನುವವಳೂ ಹತ್ತು ಕೆಜಿ ಹಾಕಿದೆ ಎನ್ನುವವಳೂ ತಂದಿರುವುದು ಅಷ್ಟೇ ಹಾಲು. ನಮ್ಮ ಬಾಯಲ್ಲಿ ಕೆಜಿಯೂ ಲೀಟರೂ ಅಕ್ಕತಂಗಿಯರ ಹಾಗೆ ಒಂದೇ ಸೀರೆ ಉಟ್ಟುಕೊಂಡು ಓಡಾಡುತ್ತವೆ. ನಾನೂ ಅಲ್ಲೇ ಕೂತಿದ್ದೆ, ಕಣ್ಣು ಮಟ್ಟ ಮಾಡಿ ಲೀಟರಿನ ಗೆರೆ ನೋಡಿ ಸರಿ ಎಂದು ತಲೆ ಆಡಿಸಿದವಳೂ ನಾನೇ.

ತಿಂಗಳು ಕಳೆದು ಆ ಸೋಪು ಮೊದಲು ಹೋದದ್ದು ಗೌರಮ್ಮನ ಮನೆಗೆ. ಅವಳ ಮಗನಿಗೆ ಆಗಷ್ಟೇ ಮದುವೆಯಾಗಿತ್ತು. ಹೊಳೆನರಸೀಪುರದ ಕಡೆಯ ಹುಡುಗಿ, ಸೂಕ್ಷ್ಮ ಮೈ. ಎರಡು ದಿನ ಹಚ್ಚಿದ್ದಕ್ಕೆ ಮುಖ, ಕೈ ಎಲ್ಲ ಕೆಂಪಗೆ ಉರಿ ಎದ್ದಿತು. ಗೌರಮ್ಮ ಸೋಪನ್ನು ಕೈಯಲ್ಲಿ ಹಿಡಿದುಕೊಂಡೇ ಸಂಘದ ಮನೆಗೆ ಬಂದಳು.

"ಏನ್ ಪುಟ್ಟತಾಯಕ್ಕ, ಎಷ್ಟ್ ಸುರ್ದ್‌ಬುಟ್ಟೆ ಸೋಡನಾ? ನನ್ ಸೊಸೆ ಮೊಕ ನೋಡೋಗು, ಕೆಂಡ ಆಗೈತೆ!"

"ಆರುನೂರ ನಲವತ್ತೇ ಹಾಕಿದ್ದು ಗೌರಮ್ಮ."

"ನಿಂಗ್ ಕಂಡಿದ್ದು ಆರುನೂರ ನಲವತ್ತು. ಅಲ್ಲಿದ್ದಿದ್ದು ಎಷ್ಟೋ! ಓದ್ ವರ್ಷ ತಾನೆ ಕಣ್ಣಿಗೆ ಪೊರೆ ಆಪ್ರೇಸನ್ ಮಾಡುಸ್ಕಂಡಿರೋದು. ನಿನ್ನ ತಕ್ಕಡಿ ಮುಂದೆ ಕೂರ್ಸಿದ್ದು ನಂದೇ ತಪ್ಪು ಬುಡು."

ಕೋಪಕ್ಕೆ ಕಾರಣ ಇತ್ತು, ಅವಳನ್ನು ನಾನು ದೂರುವುದಿಲ್ಲ. ಹೊಸ ಸೊಸೆಯ ಮುಖ ಹಾಗಾದರೆ ಬೀಗರಿಗೆ ಏನು ಹೇಳುತ್ತಾಳೆ. ಮರುದಿನದಿಂದ ನನ್ನನ್ನು ಮೊದಲ ಸಲದ ಸೋಪಿಗೆ ಕಾಗದ ಸುತ್ತಿ ದಾರ ಕಟ್ಟುವ ಕಡೆ ಕೂರಿಸಿದರು. ತಕ್ಕಡಿ ಟವೆಲ್ ಹೊದ್ದುಕೊಂಡು ಬೀರುವಿಗೆ ಹೋಯಿತು. ದಾರ ಕಟ್ಟುವುದು ಕೀಳು ಕೆಲಸವಲ್ಲ. ಆದರೂ ಮಕ್ಕಳೇ, ಆಯಸ್ಸಿನಲ್ಲಿ ಒಮ್ಮೆ ನನಗೆಂದು ಒಂದು ಜಾಗ ಸಿಕ್ಕಿತ್ತು, ಅದು ನನ್ನ ಕಣ್ಣಿನ ಹೆಸರು ಹೇಳಿ ಹೋಯಿತಲ್ಲ ಎಂದು ಅನ್ನ ಸೇರುತ್ತಿರಲಿಲ್ಲ.

ಇಂಥದ್ದು ಹೊಸದಲ್ಲ ನನಗೆ. ಚಿಕ್ಕಂದಿನಲ್ಲಿ ನಮ್ಮಜ್ಜಿ ಕೊಬ್ಬರಿ ಎಣ್ಣೆ ಸೀಸೆಗೆ ಮಸಿಯಲ್ಲಿ ಗೆರೆ ಎಳೆದಿಡುತ್ತಿದ್ದಳು, ಯಾರೂ ಕದ್ದು ಹಚ್ಚಿಕೊಳ್ಳಬಾರದೆಂದು. ಧನುರ್ಮಾಸದ ಒಂದು ಬೆಳಗ್ಗೆ ನೋಡಿದರೆ ಎಣ್ಣೆ ಗೆರೆಗಿಂತ ಕೆಳಗೆ ಕೂತಿದೆ. ಮನೆಯಲ್ಲಿ ಉದ್ದ ಜಡೆ ನನ್ನದು, ಆದ್ದರಿಂದ ಕಳ್ಳಿ ನಾನೇ. ಎರಡು ಏಟು ತಿಂದೆ. ಬೇಸಿಗೆ ಬಂದು ಹೆಪ್ಪು ಕರಗಿದಾಗ ಎಣ್ಣೆ ಮತ್ತೆ ಮೇಲೇರಿತು, ಅಷ್ಟರಲ್ಲಿ ಮಸಿ ಅಳಿಸಿಹೋಗಿ ಗೆರೆ ಎಲ್ಲಿತ್ತೆಂಬುದು ಎಲ್ಲರಿಗೂ ಮರೆತಿತ್ತು. ಚಳಿಗೆ ಎಣ್ಣೆ ಕುಗ್ಗುತ್ತದೆ, ತೂಕ ಮಾತ್ರ ಹಾಗೇ ಇರುತ್ತದೆ. ಇದು ನನಗೆ ಆಗಲೇ ಅರ್ಥವಾಗಿತ್ತು ಎಂದು ಬರೆದರೆ ನೀವು ನಂಬಬಾರದು. ಆಗ ನನಗೆ ಅರ್ಥವಾಗಿದ್ದು ಏಟು ಮಾತ್ರ.

ಒಂದು ಸಂಜೆ ನಿಮ್ಮಮ್ಮ ಪಕೋಡಕ್ಕೆ ಎಣ್ಣೆ ಕವರ್ ಕತ್ತರಿಸಲು ಹೊರಟಿದ್ದಳು. ತೇಜು, ನಿನಗೆ ನೆನಪಿದೆಯೋ ಇಲ್ಲವೋ, ನಾನು ಮಂಕಾಗಿ ಕೂತಿದ್ದು ನೋಡಿ ನೀನು ಆ ಕವರನ್ನು ಕಿತ್ತುಕೊಂಡು ಬಂದೆ.

"ಅಜ್ಜಿ, ಗೌರಜ್ಜಿ ಹೇಳ್ದಂಗೆ ನಿಂಗೆ ಕಣ್ ಕಾಣಲ್ವಾ? ಇಲ್ಲಿ ಸಣ್ಣಕ್ಷರದಲ್ಲಿ ಇದೆಯಲ್ಲ, ಅದ್ನ ಓದು ನೋಡಣ."

ರೋಷ ಬಂತು. ಕನ್ನಡಕ ಏರಿಸಿ, ಕವರನ್ನು ದೀಪದ ಕೆಳಗೆ ಹಿಡಿದು ಒಂದೊಂದೇ ಓದಿದೆ. ಪ್ಯಾಕ್ ಮಾಡಿದ ತಿಂಗಳು, ಬೆಲೆ, ತೂಕ. "ಒಂದು ಲೀಟರ್. ಒಂಬೈನೂರ ಹತ್ತು ಗ್ರಾಂ." ಓದಿದವಳು ಅಲ್ಲೇ ನಿಂತೆ. ಮತ್ತೊಮ್ಮೆ ಓದಿದೆ. ಲೀಟರ್ ಎಂದಮೇಲೆ ಸಾವಿರ ಗ್ರಾಂ ಇರಬೇಕಲ್ಲ, ತೊಂಬತ್ತು ಎಲ್ಲಿ ಹೋಯಿತು?

"ಮೋಸ ಮಾಡಿದಾರೆ" ಎಂದೆ. ನಿಮ್ಮಮ್ಮ, "ಎಲ್ಲಾ ಕವರ್ ಮೇಲೂ ಅಂಗೇ ಇರ್ತದೆ ಅತ್ತೆ, ನಾನು ಯಾವತ್ತೂ ಯಾಕೆ ಅಂತ ಕೇಳಿಲ್ಲ" ಎಂದು ಕವರ್ ಇಸಿದುಕೊಂಡು ಬಾಣಲೆಗೆ ಸುರಿದಳು.

ಪಕೋಡ ತಿನ್ನುತ್ತಾ ತಿನ್ನುತ್ತಾ ನಮ್ಮವ್ವ ಕಣ್ಣ ಮುಂದೆ ಬಂದಳು. ನಮ್ಮವ್ವ ಹರಳೆಣ್ಣೆ ಮನೆಯಲ್ಲೇ ತೆಗೆಯುತ್ತಿದ್ದಳು. ರಾಗಿ ಹೊಲದ ಅಂಚಿನಲ್ಲಿ ಬೆಳೆದ ಹರಳನ್ನು ಹುರಿದು, ಒರಳಲ್ಲಿ ಕುಟ್ಟಿ, ದೊಡ್ಡ ಮಡಕೆಯ ನೀರಿಗೆ ಹಾಕಿ ಕುದಿಸುವಳು. ಬೀದಿಗೆಲ್ಲ ವಾಸನೆ. ಎಣ್ಣೆ ನಿಧಾನವಾಗಿ ಮೇಲಕ್ಕೆ ಬಂದು ತೇಲುತ್ತಿತ್ತು, ಅದನ್ನು ಸೌಟಿನಲ್ಲಿ ಬಾಚಿ ಬಾಚಿ ತೆಗೆಯುವಳು. ನಾನು ಪಕ್ಕದಲ್ಲಿ ಪಾತ್ರೆ ಹಿಡಿದು ಕೂರುವುದು, ಕೊನೆಗೆ ನನ್ನ ತಲೆಗೇ ಅದನ್ನು ಬಡಿಯುವುದು, ಕಣ್ಣಿಗೆ ಇಳಿದು ನಾನು ಅಳುವುದು. ಎಷ್ಟು ಸಲ ನೋಡಿದ್ದೇನೆ ಎಣ್ಣೆ ತೇಲುವುದನ್ನು! ನೀರಿಗಿಂತ ಹಗುರ ಇದ್ದದ್ದರಿಂದ ತಾನೆ ತೇಲಿದ್ದು. ನೀರು ಒಂದು ಲೀಟರಿಗೆ ಒಂದು ಕೆಜಿ ಎಂದು ಏಳನೇ ಕ್ಲಾಸಿನಲ್ಲಿ ಓದಿದ್ದೆ. ಹಾಗಾದರೆ ಎಣ್ಣೆಯ ಲೀಟರ್ ಕೆಜಿಗಿಂತ ಕಮ್ಮಿಯೇ ಇರಬೇಕು. ಕಂಪನಿಯವರು ಮೋಸ ಮಾಡಿಲ್ಲ. ನಾವು ಸೋಡದ ಊಟಕ್ಕೆ ಮೋಸ ಮಾಡಿದ್ದೇವೆ.

ಬೆಳಗ್ಗೆ ಎದ್ದು ಒಂದು ಲೀಟರಿನ ಸ್ಟೀಲ್ ಮಾಪು, ಎರಡು ಬಾಟಲಿ ಎಣ್ಣೆ, ಒಂದು ಚೊಂಬು ನೀರು ಚೀಲದಲ್ಲಿಟ್ಟುಕೊಂಡು ಶಿವಣ್ಣನ ಕಿರಾಣಿ ಅಂಗಡಿಗೆ ಹೋದೆ. ಅವನ ತಕ್ಕಡಿ ಚೆನ್ನಾಗಿದೆ. ಗಿರಾಕಿಗಳು ಹೋಗುವವರೆಗೂ ಕಂಬದ ಹಿಂದೆ ನಿಂತಿದ್ದೆ.

"ಏನವ್ವಾ, ಆಗಿಂದ ನೋಡ್ತಾ ಇವ್ನಿ, ಏನ್ ಬೇಕು?"

"ಏನೂ ಬೇಡ ಕಣಪ್ಪ. ಇದ್ನ ಒಂಚೂರು ತೂಗ್ಬೇಕಿತ್ತು."

"ಏನದು?"

"ನೀರು."

ಶಿವಣ್ಣ ನನ್ನನ್ನೂ ಚೊಂಬನ್ನೂ ನೋಡಿದ. "ನೀರು ತೂಗುಸ್ಕಂಡು ಯಾರಿಗ್ ಮಾರಕ್ ಓಯ್ತೀಯವ್ವ?" ಎಂದ. ಆದರೂ ಒಳ್ಳೆಯ ಮನುಷ್ಯ, ತಕ್ಕಡಿಯ ಮೇಲಿದ್ದ ಬೆಲ್ಲದ ಪುಡಿ ಒರೆಸಿಕೊಟ್ಟ. ಮೊದಲು ಖಾಲಿ ಮಾಪು ಇಟ್ಟು, ಗುಂಡಿ ಒತ್ತಿ ಸೊನ್ನೆ ಮಾಡಿಸಿದೆ. ನೀರು ಗೆರೆಗೆ ಸರಿಯಾಗಿ ತುಂಬಿದೆ. ಸಾವಿರ. ಒರೆಸಿ ಒಣಗಿಸಿ ಕೊಬ್ಬರಿ ಎಣ್ಣೆ ಹಾಕಿದೆ. ಒಂಬೈನೂರ ಹದಿನೈದು. ಮತ್ತೆ ಒರೆಸಿ ಹರಳೆಣ್ಣೆ. ಒಂಬೈನೂರ ಅರವತ್ತು.

"ಇದೇನವ್ವ, ಒಂದೊಂದು ಒಂದೊಂಥರ ತೂಗ್ತದೆ!" ಈಗ ಶಿವಣ್ಣನೇ ಗಲ್ಲಾಪೆಟ್ಟಿಗೆ ಬಿಟ್ಟು ಬಂದು ಬಗ್ಗಿ ನೋಡುತ್ತಿದ್ದ.

ಹರಳೆಣ್ಣೆ ಮಂದ, ಅದಕ್ಕೇ ಭಾರ ಎಂದು ನಾನು ದೊಡ್ಡ ವಿದ್ವಾಂಸರ ಹಾಗೆ ಅವನಿಗೆ ಹೇಳಿದೆ. ಮಂದ ಇರುವುದಕ್ಕೂ ಭಾರಕ್ಕೂ ಸಂಬಂಧವಿಲ್ಲ ಎಂದು ಸಿಂಚನ ಆಮೇಲೆ ತಿದ್ದಿದಳು. ಇರಲಿ, ಅಂಕಿ ಸರಿಯಿತ್ತಲ್ಲ. ಅಲ್ಲೇ ಒಂದು ಸಿಗರೇಟ್ ಪ್ಯಾಕಿನ ಹಿಂದೆ ಬರೆದುಕೊಂಡೆ. ಕೊಬ್ಬರಿ ಎಣ್ಣೆಯಲ್ಲಿ ಲೀಟರಿಗೆ ಎಂಬತ್ತೈದು ಕಮ್ಮಿ, ಮೂರು ಲೀಟರಿಗೆ ಇನ್ನೂರ ಐವತ್ತೈದು. ಹರಳೆಣ್ಣೆಯಲ್ಲಿ ನಲವತ್ತು. ಒಟ್ಟು ಇನ್ನೂರ ತೊಂಬತ್ತೈದು ಗ್ರಾಂ ಎಣ್ಣೆ ಸೋಪಿಗೆ ಬಿದ್ದೇ ಇರಲಿಲ್ಲ.

ಗೊತ್ತಾಗುವುದು ಒಂದು, ಹೇಳುವುದು ಇನ್ನೊಂದು. ಆ ವಾರ ರೂಪಾ ಮೇಡಂ ಬಂದಾಗ ಸಂಘದ ಮನೆ ತುಂಬಿತ್ತು. ಗೌರಮ್ಮ ಎದ್ದು ನಿಂತು ನಡೆದದ್ದೆಲ್ಲ ಹೇಳಿದಳು. ಮೇಡಂ ನನ್ನ ಕಡೆ ತಿರುಗಿ ಮೆಲ್ಲಗೆ, "ಸೋಡ ತೂಗುವಾಗ ಏನಾದ್ರೂ ಹೆಚ್ಚುಕಮ್ಮಿ ಆಯ್ತಾ ಅಮ್ಮ?" ಎಂದಳು.

ಎದ್ದೆ. ಎದ್ದ ಮೇಲೆ ಕೂರುವ ಹಾಗಿರಲಿಲ್ಲ.

"ಸೋಡ ಸರಿ ಇತ್ತು ಮೇಡಂ. ಎಣ್ಣೆ ಕಮ್ಮಿ ಬಿತ್ತು. ಇನ್ನೂರ ತೊಂಬತ್ತೈದು ಗ್ರಾಂ."

"ಯಾರವ್ಳು ಎಣ್ಣೆ ಕದ್ದೋಳು?" ಎಂದಳು ಗೌರಮ್ಮ.

"ಯಾರೂ ಕದೀಲಿಲ್ಲ. ನಾವು ಕೆಜಿ ಅಂತ ಇದ್ದಿದ್ನ ಲೀಟ್ರಲ್ಲಿ ಅಳ್ದ್ವಿ."

"ಎರಡೂ ಒಂದೇ ಅಲ್ವಾ! ಡೈರೀಲಿ ದಿನಾ ಆಕ್ತೀವಿ, ನಮಗ್ ಗೊತ್ತಿಲ್ವಾ?"

"ಅದು ಹಾಲು ಕಣವ್ವ. ಹಾಲು ನೀರಲ್ಲಿ ಬೆರೀತದೆ. ಎಣ್ಣೆ ತೇಲ್ತದೆ."

ಬೆರೆಯುತ್ತದೆ ಎಂದದ್ದಕ್ಕೆ ಮೂಲೆಯಿಂದ ಯಾರೋ, "ಅದು ಗೌರಕ್ಕಂಗೆ ಚೆನ್ನಾಗ್ ಗೊತ್ತು" ಎಂದಳು. ಮನೆಯೆಲ್ಲ ಗೊಳ್ಳೆಂದಿತು. ಆ ನಗುವಿನಲ್ಲಿ ನನಗೆ ಉಸಿರು ಬಂತು. ಚೀಲದಿಂದ ಸಿಗರೇಟ್ ಪ್ಯಾಕ್ ತೆಗೆದು ಅಂಕಿಗಳನ್ನು ಒಂದೊಂದಾಗಿ ಓದಿದೆ. ಓದುತ್ತಾ ಓದುತ್ತಾ ನನ್ನ ದನಿ ನನಗೇ ಕೇಳಿಸಿತು. ಮೇಡಂ ತನ್ನ ಫೋನಿನಲ್ಲಿ ಲೆಕ್ಕ ಹಾಕಿ ನೋಡಿ, ಹಣೆಗೆ ಕೈ ಇಟ್ಟುಕೊಂಡಳು.

"ಅಮ್ಮ ಹೇಳೋದು ನೂರಕ್ಕೆ ನೂರು ಸರಿ. ಲೀಟರ್ ಬಳಸಬೇಡಿ ಅಂತ ನಾನೇ ಬಾಯಿಬಿಟ್ಟು ಹೇಳ್ಬೇಕಿತ್ತು. ಬರೆದಿದೀನಲ್ಲ ಅಂದ್ಕೊಂಡೆ. ಒಣಗಿದ ಮೇಲೆ ನಾಲಿಗೆ ತುದಿಗೆ ಮುಟ್ಟಿಸಿ ನೋಡೋದನ್ನೂ ಹೇಳ್ಕೊಟ್ಟಿರಲಿಲ್ಲ. ಸೋಡ ಮಿಕ್ಕಿದ್ರೆ ಚುಳ್ ಅನ್ನುತ್ತೆ."

ಗೌರಮ್ಮ ಒಪ್ಪಲೂ ಇಲ್ಲ, ಅಲ್ಲ ಎನ್ನಲೂ ಇಲ್ಲ. "ಎಲ್ರು ಬಾಯ್ ಮಾತು ಸರೀನೆ. ಸೋಪ್ ಬರ್ಲಿ, ಆಮೇಲ್ ನೋಡಣ" ಎಂದಳು. ಅದೂ ನ್ಯಾಯವೇ.

ಹೊಸದಾಗಿ ಒಂದು ಪಾಕ ಹಾಕಿದೆವು. ಮೇಡಂ ನೋಡುತ್ತಾ ನಿಂತಳು, ಏನನ್ನೂ ಮುಟ್ಟಲಿಲ್ಲ. ತಕ್ಕಡಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಎಣ್ಣೆಯನ್ನೂ ನಾನೇ ತೂಗಿದೆ. ಮೂರು ಲೀಟರ್ ಕೊಬ್ಬರಿ ಎಣ್ಣೆಯ ಮೇಲೆ ಇನ್ನೂ ಸುರಿಯಬೇಕಾಗಿ ಬಂದಾಗ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಇಷ್ಟೊಂದಾ ತಿಂದಿದ್ದು ನಾವು?" ಎಂದಳೊಬ್ಬಳು. ಅಚ್ಚಿಗೆ ಸುರಿದು, ಮರುದಿನ ಕತ್ತರಿಸಿ, ಅಟ್ಟಣಿಗೆಯ ಮೇಲೆ ಜೋಡಿಸಿದ್ದಾಯಿತು. ಆಮೇಲೆ ಕಾಯಬೇಕು. ಆ ತಿಂಗಳು ನಾನು ದಾರ ಕಟ್ಟುತ್ತಲೇ ಇದ್ದೆ, ಕೈ ದಾರದ ಮೇಲೆ, ಕಣ್ಣು ಅಟ್ಟಣಿಗೆಯ ಮೇಲೆ. ಲೆಕ್ಕ ಸರಿ ಎಂದು ಗೊತ್ತಿದ್ದರೂ ಸಿಗರೇಟ್ ಪ್ಯಾಕಿನ ಮೇಲಿನ ಅಂಕಿಗಳನ್ನು ದಿನಕ್ಕೊಮ್ಮೆ ಮತ್ತೆ ಕೂಡಿ ನೋಡುತ್ತಿದ್ದೆ. ಇದೂ ಸುಟ್ಟರೆ ಸಂಘದ ಹೊಸಿಲು ತುಳಿಯುವುದು ಹೇಗೆ?

ತಿಂಗಳಾದ ದಿನ ಎಲ್ಲರೂ ಸೇರಿದರು. ಗೌರಮ್ಮನ ಸೊಸೆಯೂ ಬಂದಿದ್ದಳು, ಮುಖ ವಾಸಿಯಾಗಿತ್ತು, ಆದರೆ ಸೋಪಿನಿಂದ ಮಾರು ದೂರ ನಿಂತಿದ್ದಳು. ಮೇಡಂ ಒಂದು ಸೋಪು ತೆಗೆದು, "ಯಾರು ನೋಡ್ತೀರಿ?" ಎಂದಳು. ಸೋಪು ನೆಕ್ಕುವುದೇ, ಥೂ ಎಂದು ಕೆಲವರು ಬಾಯಿಗೆ ಸೆರಗು ಒತ್ತಿಕೊಂಡರು. ನನ್ನ ತೂಕ, ನಾನೇ ನೋಡಬೇಕು. ಕೈ ಚಾಚಿದೆ.

ಗೌರಮ್ಮ ನಡುವೆ ಬಂದು ಸೋಪು ಕಿತ್ತುಕೊಂಡಳು. "ಕೊಡಿಲ್ಲಿ. ನೀನು ನೆಕ್ಕಿ ಚೆನ್ನಾಗೈತೆ ಅಂದ್ರೆ ನಾಳೆ ಜನ ಏನಂತಾರೆ? ಬಯ್ದೋಳು ನಾನು. ಸುಟ್ರೆ ನಂದೇ ಸುಡ್ಲಿ."

ಕಣ್ಣು ಮುಚ್ಚಿ, ನಾಲಿಗೆ ಚಾಚಿ ತುದಿಗೆ ಮುಟ್ಟಿಸಿದಳು. ಗೌರಮ್ಮ ಅಷ್ಟು ಹೊತ್ತು ಮಾತಾಡದೆ ಇದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮತ್ತೊಮ್ಮೆ ಮುಟ್ಟಿಸಿದಳು. ಆಮೇಲೆ ಕಣ್ಣು ಬಿಟ್ಟಳು.

"ಏನೂ ಇಲ್ವಲ್ಲೇ! ಸಪ್ಪೆ. ಸೋಪು ಸೋಪ್ ಇದ್ದಂಗೈತೆ."

ಬಾಯಿ ಮುಕ್ಕಳಿಸಿ ಬಂದು, ಸೊಸೆಯ ಕೈ ಹಿಡಿದು ನಲ್ಲಿಯ ಹತ್ತಿರ ಕರೆದುಕೊಂಡು ಹೋಗಿ, ಅದೇ ಸೋಪಿನಲ್ಲಿ ಮೊದಲು ತನ್ನ ಕೈ, ಆಮೇಲೆ ಅವಳ ಕೈ ತೊಳೆದಳು. ಸ್ವಲ್ಪ ಹೊತ್ತು ಕಾದು ಆ ಕೈಯನ್ನು ಎಲ್ಲರಿಗೂ ತೋರಿಸಿದಳು. ಬೀರು ತೆಗೆದು ತಕ್ಕಡಿಯನ್ನು ಎರಡೂ ಕೈಯಲ್ಲಿ ಎತ್ತಿ ತಂದು ನನ್ನ ಮುಂದೆ ಇಟ್ಟು, ನನ್ನ ಮಡಿಲಲ್ಲಿದ್ದ ದಾರದ ಉಂಡೆ ತೆಗೆದುಕೊಂಡು ಅಲ್ಲೇ ಪಕ್ಕದಲ್ಲಿ ಕೂತು ಸೋಪಿಗೆ ಕಟ್ಟಲು ಶುರುಮಾಡಿದಳು. ಗಂಟು ಕಟ್ಟಲು ಬರುತ್ತಿರಲಿಲ್ಲ ಅವಳಿಗೆ. ನಾನೇ ತೋರಿಸಿಕೊಟ್ಟೆ.

ಗೋಡೆಯ ಮೇಲೆ ಅಂಟಿಸಿರುವ ರಟ್ಟಿನಲ್ಲಿ ಯಾವ ಎಣ್ಣೆ ಲೀಟರಿಗೆ ಎಷ್ಟು ಗ್ರಾಂ ಎಂದು ಬರೆದಿರುವುದು ನನ್ನ ಕೈಬರಹ. ಹೊಂಗೆ, ಎಳ್ಳು, ಬೇವು ಎಲ್ಲವನ್ನೂ ಶಿವಣ್ಣನ ಅಂಗಡಿಯಲ್ಲೇ ತೂಗಿ ಬರೆದದ್ದು. ಮೇಡಂ ಅದರ ಫೋಟೋ ಹೊಡೆದುಕೊಂಡು ಹೋದಳು. ಒಂದು ದಿನ ಫೋನು ಮಾಡಿ, ಅರಕಲಗೂಡಿನಲ್ಲಿ ಹೊಸ ಸಂಘದವರು ಕಲಿಯುತ್ತಿದ್ದಾರೆ, ನೀವೇ ಬಂದು ಹೇಳಬೇಕು ಎಂದಳು. ಆಗದು ಎಂದೆ. ಗೌರಮ್ಮ ಫೋನು ಕಿತ್ತುಕೊಂಡು, "ಬತ್ತಾರೆ ಮೇಡಂ, ನಾನೇ ಕರ್ಕಬತ್ತೀನಿ" ಎಂದಳು. ಬಸ್ಸಿನಲ್ಲಿ ನನ್ನನ್ನು ಕಿಟಕಿಯ ಪಕ್ಕ ಕೂರಿಸಿ, ಹೊಳೆನರಸೀಪುರ ದಾಟುವವರೆಗೂ ಪಕ್ಕದವರಿಗೆಲ್ಲ ನಾವು ಯಾಕೆ ಹೋಗುತ್ತಿದ್ದೇವೆಂದು ಹೇಳುತ್ತಲೇ ಇದ್ದಳು. ನಾನು ಕಿಟಕಿಯ ಆಚೆ ನೋಡುತ್ತಿದ್ದೆ.

ಅರಕಲಗೂಡಿನಲ್ಲಿ ಮೂವತ್ತು ನಲವತ್ತು ಹೆಂಗಸರು ನೆಲದ ಮೇಲೆ ಕೂತಿದ್ದರು. ಮೇಜಿನ ಮೇಲೆ ತಕ್ಕಡಿ, ಲೀಟರ್ ಮಾಪು, ಎಣ್ಣೆ. ಕೈಯಲ್ಲಿ ಮೈಕು ಕೊಟ್ಟರು, ಬೇಡ ಎಂದು ವಾಪಸು ಕೊಟ್ಟೆ. ಮುಂದಿನ ಸಾಲಿನಲ್ಲಿದ್ದ ಒಬ್ಬಳು, "ಯಾರಮ್ಮ ನೀವು? ಹಾಸನದ ಮೇಡಮ್ಮಾ?" ಎಂದು ಕೇಳಿದಳು. ಗೌರಮ್ಮ ಉತ್ತರ ಹೇಳಲು ಬಾಯಿ ತೆರೆದದ್ದು ಕಂಡಿತು. ಅವಳಿಗಿಂತ ಮೊದಲು ನಾನೇ ಹೇಳಿದೆ.

"ಅಲ್ಲ ಕಣವ್ವ. ನಾನು ಪುಟ್ಟತಾಯಮ್ಮ. ಬಾಗೂರಿನ ಸಂಘದಲ್ಲಿ ತೂಗೋಳು ನಾನೇ."